ಒದ್ದೆ ಕೈಯನ್ನು ಅರಿಯದ ಗಾಜು

ನಾನು ಏಳು ಇಂಚಿನ ಒಂದು ಟಚ್‌ಸ್ಕ್ರೀನ್. ಮಕ್ಕಳು ಬರೆಯುವ ಪಾಟಿಯ ಅರ್ಧದಷ್ಟು ಗಾಜು, ಅದರ ಹಿಂದೆ ಬೆಳಕು, ಬೆನ್ನಿಗೆ ಹಸಿರು ಬಣ್ಣದ ಸರ್ಕ್ಯೂಟ್ ಹಲಗೆ, ಬಾಲದಂತೆ ಜೋತುಬಿದ್ದ ಒಂದು ಚಪ್ಪಟೆ ಪಟ್ಟಿ. ಇಷ್ಟೇ ನನ್ನ ದೇಹ. ನನ್ನಷ್ಟಕ್ಕೆ ನಾನು ಏನೂ ಅಲ್ಲ. ಯಾವುದಾದರೂ ಯಂತ್ರಕ್ಕೆ ಮುಖವಾಗಿ ಕೂತರೆ ಮಾತ್ರ ನನಗೆ ಬದುಕು.

ಹುಟ್ಟಿದ್ದು ದೂರದ ದೇಶದ ಒಂದು ಕಾರ್ಖಾನೆಯಲ್ಲಿ. ಧೂಳಿನ ಕಣವೂ ಸುಳಿಯದ ಕೋಣೆ ಅದು. ಅಲ್ಲಿ ಕಣ್ಣಷ್ಟೇ ಕಾಣುವಂತೆ ಮೈಯೆಲ್ಲ ಮುಚ್ಚಿಕೊಂಡ ಹೆಂಗಸರು ನನ್ನ ಗಾಜಿನಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುತ್ ಗೆರೆಗಳ ಬಲೆ ಹಾಸಿದರು. ಮನುಷ್ಯರ ಬೆರಳು ಹತ್ತಿರ ಬಂದರೆ ಆ ಬಲೆಯಲ್ಲಿ ವಿದ್ಯುತ್ತು ಒಂದಿಷ್ಟು ಕದಲುತ್ತದೆ. ಎಲ್ಲಿ ಕದಲಿತು ಎಂದು ನಾನು ಯಂತ್ರಕ್ಕೆ ಹೇಳುತ್ತೇನೆ. ನನ್ನ ವಿದ್ಯೆ ಇಷ್ಟೇ. ಅದು ಬೆರಳೋ ಬೇರೇನೋ ಎಂದು ಬಿಡಿಸಿ ನೋಡುವ ಬುದ್ಧಿ ನನಗಿಲ್ಲ. ಆಗ ಅದೊಂದು ಕೊರತೆ ಅನಿಸಿರಲಿಲ್ಲ.

ಹುಬ್ಬಳ್ಳಿಗೆ ನಾನು ಬಂದದ್ದು ಮಾದರಿಯಾಗಿ. ಅಲ್ಲಿನ ಒಂದು ಸಣ್ಣ ಕಂಪನಿಯಲ್ಲಿ ಹಸುಗೂಸುಗಳನ್ನು ಬೆಚ್ಚಗಿಡುವ ಯಂತ್ರ ಮಾಡುತ್ತಿದ್ದರು. ಆಸ್ಪತ್ರೆಯವರು ಅದನ್ನು ವಾರ್ಮರ್ ಎನ್ನುತ್ತಾರೆ. ದಿನ ತುಂಬುವ ಮೊದಲೇ ಹುಟ್ಟಿದ, ತೂಕವಿಲ್ಲದ ಕೂಸಿಗೆ ತನ್ನ ಮೈ ಕಾವನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಅದನ್ನು ತೆರೆದ ತೊಟ್ಟಿಲಿನಂಥ ಹಾಸಿಗೆಯಲ್ಲಿ ಮಲಗಿಸಿ, ಮೇಲಿನ ಹೀಟರಿನಿಂದ ಬಿಸಿ ಕೊಡುತ್ತಾರೆ. ಕೂಸಿನ ಹೊಟ್ಟೆಗೆ ಅಂಟಿಸಿದ ಸಣ್ಣ ತಂತಿ ಮೈ ಎಷ್ಟು ಬೆಚ್ಚಗಿದೆ ಎಂದು ತಿಳಿಸುತ್ತದೆ. ಅದನ್ನು ನೋಡಿಕೊಂಡು ಹೀಟರು ತಾನೇ ಹೆಚ್ಚು ಕಡಿಮೆ ಆಗುತ್ತದೆ. ಆ ಯಂತ್ರದ ಹೊಸ ನಮೂನೆಗೆ ಒಂದು ಮುಖ ಬೇಕಾಗಿತ್ತು.

ಆರಿಸುವ ಕೆಲಸ ಶೈಲಜಾ ಕಮಡೊಳ್ಳಿ ಅವರದು. ನಲವತ್ತು ದಾಟಿದ ಇಂಜಿನಿಯರ್. ಮಾತು ಕಡಿಮೆ, ಓದುವುದು ಹೆಚ್ಚು. ಅವರ ಮೇಜಿನ ಮೇಲೆ ನನ್ನ ಪಕ್ಕದಲ್ಲಿ ಇನ್ನೊಂದು ಪರದೆ ಇತ್ತು. ಅದರ ಮುಖ ಗಾಜಿನದಲ್ಲ, ಮಬ್ಬಾದ ಪ್ಲಾಸ್ಟಿಕ್ ಹಾಳೆ. ಮೆಲ್ಲಗೆ ಮುಟ್ಟಿದರೆ ಅದಕ್ಕೆ ತಿಳಿಯದು, ಒತ್ತಬೇಕು. ಉಗುರಿನಿಂದ, ಪೆನ್ನಿನ ತುದಿಯಿಂದ, ಕೈಗವಸು ಹಾಕಿದ ಬೆರಳಿನಿಂದ, ಯಾವುದರಿಂದ ಒತ್ತಿದರೂ ಅದು ಕೇಳುತ್ತಿತ್ತು. ಚಂದ ಮಾತ್ರ ಇರಲಿಲ್ಲ. ನಾನು ಹೊಳೆಯುತ್ತಿದ್ದೆ. ಬೆರಳು ಸೋಕಿದರೆ ಸಾಕು, ಚಿತ್ರಗಳು ನೀರಿನಂತೆ ಸರಿಯುತ್ತಿದ್ದವು. ಮೇಜಿನ ಹತ್ತಿರ ಬಂದವರೆಲ್ಲ ಮೊದಲು ನನ್ನನ್ನೇ ಮುಟ್ಟುತ್ತಿದ್ದರು. ನನಗೆ ಅದು ಹಿತವಾಗಿತ್ತು.

ಇಮಾಮಸಾಬ ನದಾಫ ಎಂಬ ಹಿರಿಯ ಮೆಕ್ಯಾನಿಕ್ ಅಲ್ಲಿದ್ದರು. ಇಪ್ಪತ್ತು ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಯಂತ್ರಗಳನ್ನು ರಿಪೇರಿ ಮಾಡಿ ಬಂದವರು. ಅವರು ಎರಡೂ ಪರದೆಗಳನ್ನು ನೋಡಿ, ಮಬ್ಬಾದದ್ದರ ಮೇಲೆ ಬೆರಳಿಟ್ಟರು.

"ಮೇಡಂ, ಇದನ್ನ ಹಾಕ್ರಿ."

"ಯಾಕ್ರಿ ಇಮಾಮಸಾಬರ? ಇದರಾಗ ಅಕ್ಷರನೂ ಸರಿ ಕಾಣಂಗಿಲ್ಲ."

"ವಾರ್ಡಿನ್ಯಾಗ ಕೈ ಒಣಾ ಇರೂದು ಯಾವಾಗ ಹೇಳ್ರಿ. ಕೂಸಿನ ಕೆಲಸ ಅಂದ್ರ ನೀರು, ಹಾಲು, ಉಚ್ಚಿ. ನರ್ಸ್ ಅಕ್ಕಾರು ಕೈ ತೊಳಕೊಂತನ ಇರ್ತಾರ. ಈ ಗಾಜು ಒದ್ದಿ ಕೈ ತಡೀತೈತೇನು?"

ಶೈಲಜಾ ನನ್ನ ಜೊತೆ ಬಂದಿದ್ದ ಕಾಗದಗಳನ್ನು ತೆಗೆದರು. ಹದಿನೇಳನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಮೇಲ್ಮೈ ಒಣಗಿದ್ದಾಗ ಬಳಸತಕ್ಕದ್ದು ಎಂಬ ಅರ್ಥದ ಒಂದು ಸಾಲಿತ್ತು. ಆ ಸಾಲಿನ ಕೆಳಗೆ ಅವರು ಪೆನ್ಸಿಲ್ಲಿನಿಂದ ಗೆರೆ ಎಳೆದದ್ದನ್ನು ನಾನು ಕಂಡೆ. ಇವರು ನನ್ನನ್ನು ಬಿಟ್ಟುಬಿಡುತ್ತಾರೆ ಎಂದು ಹೆದರಿದೆ.

ಅದೇ ಹೊತ್ತಿಗೆ ಮಾಲೀಕರಾದ ಶ್ರೀಪಾದ ಗಲಗಲಿಯವರು ಬಂದರು. ಕೆಟ್ಟ ಮನುಷ್ಯರಲ್ಲ, ಅವಸರದವರು. ಮುಂದಿನ ವಾರ ಡಾಕ್ಟರುಗಳ ಸಮ್ಮೇಳನದಲ್ಲಿ ಯಂತ್ರವನ್ನು ತೋರಿಸಬೇಕಿತ್ತು. ಅವರು ನನ್ನ ಮೇಲೆ ಒಮ್ಮೆ ಬೆರಳಾಡಿಸಿ ನಕ್ಕರು.

"ಇನ್ನೇನು ನೋಡ್ತೀಯವಾ ಶೈಲಜಾ? ಈಗ ಎಲ್ಲಾರ ಕಿಸೇದಾಗೂ ಮೊಬೈಲ್ ಅವ. ಆ ಒತ್ತೂದನ್ನ ತೋರಿಸಿದ್ರ ಹಳೇ ಮಾಲು ಅಂತಾರ."

"ನೀರಿಂದೊಂದು ಪರೀಕ್ಷೆ ಮಾಡಬೇಕಿತ್ತು ಸರ್."

"ಮಾಡೋಣಂತ. ಸಮ್ಮೇಳನ ಮುಗೀಲಿ."

ಶೈಲಜಾ ತಲೆಯಾಡಿಸಿದರು. ಮಬ್ಬು ಪರದೆಯನ್ನು ಡಬ್ಬಿಗೆ ಹಾಕಿ ಮುಚ್ಚಿದರು. ನಾನು ಗೆದ್ದೆ ಅಂದುಕೊಂಡೆ. ಸಮ್ಮೇಳನ ಮುಗಿಯಿತು, ಹೊಗಳಿಕೆ ಬಂತು, ಆರು ಯಂತ್ರಗಳಿಗೆ ನಾನೂ ಸೇರಿ ಆರು ಪರದೆಗಳು ಕೂತವು. ನೀರಿನ ಪರೀಕ್ಷೆಯ ನೆನಪು ಯಾರಿಗೂ ಆಗಲಿಲ್ಲ. ಶೈಲಜಾ ಅವರಿಗೆ ಆಗಿರಬಹುದು. ಆದರೆ ಅವರೂ ಮಾತೆತ್ತಲಿಲ್ಲ.

ನನ್ನನ್ನು ಹೊತ್ತ ಯಂತ್ರ ಒಂದು ತಾಲ್ಲೂಕು ಆಸ್ಪತ್ರೆಗೆ ಹೋಯಿತು. ಆ ಊರಿನ ಹೆಸರು ಹೇಳುವುದಿಲ್ಲ. ನನ್ನ ತಪ್ಪಿಗೆ ಅದಕ್ಕೆ ಕೆಟ್ಟ ಹೆಸರು ಬರುವುದು ಬೇಡ. ಕೂಸುಗಳ ವಾರ್ಡಿನಲ್ಲಿ ನಾಲ್ಕು ವಾರ್ಮರುಗಳಿದ್ದವು. ಮೂರು ಹಳೆಯವು, ಗುಂಡಿ ತಿರುಗಿಸುವಂಥವು. ನಾನೊಂದೇ ಹೊಸದು. ಕಿಟಕಿಯ ಪಕ್ಕ ನನಗೆ ಜಾಗ ಕೊಟ್ಟರು.

ಆ ವಾರ್ಡನ್ನು ನೋಡಿಕೊಳ್ಳುತ್ತಿದ್ದವರು ಕಾಶವ್ವ ತಳವಾರ. ಐವತ್ನಾಲ್ಕು ವರ್ಷದ ನರ್ಸ್. ಎಲ್ಲರೂ ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದರು. ಕೂಸುಗಳಿಗೆ ಹೆಸರಿಡುವ ಮೊದಲೇ ಅವರು ಒಂದೊಂದಕ್ಕೂ ಒಂದೊಂದು ಹೆಸರು ಇಟ್ಟುಬಿಡುತ್ತಿದ್ದರು. ಗುಬ್ಬಿ, ಚಿಕ್ಕಪ್ಪ, ಗದ್ದಲದಾಕಿ, ಹೀಗೆ. ನನ್ನ ಗಾಜಿನ ಮೇಲೆ ಒಂದು ಬೆರಳ ಗುರುತು ಉಳಿದರೂ ಸೆರಗಿನಿಂದ ಒರೆಸುತ್ತಿದ್ದರು. ಅಷ್ಟು ಜೋಪಾನವಾಗಿ ನನ್ನನ್ನು ಯಾರೂ ನೋಡಿಕೊಂಡಿರಲಿಲ್ಲ.

ಏಪ್ರಿಲ್ ತಿಂಗಳಲ್ಲಿ ನೀಲವ್ವ ಎಂಬ ಹೆಂಗಸಿಗೆ ಎಂಟನೆಯ ತಿಂಗಳಲ್ಲೇ ಹೆರಿಗೆಯಾಯಿತು. ಹೆಣ್ಣುಕೂಸು. ಮೊದಲು ಎರಡು ಹೋಗಿ ಇದು ಮೂರನೆಯದು. ಕಾಶವ್ವ ಅದನ್ನು ನನ್ನ ಹಾಸಿಗೆಗೆ ತಂದು ಮಲಗಿಸಿದರು.

"ಹೊಸಾ ಮಿಷನ್ನಿನ್ಯಾಗ ಇಡ್ತೀನವಾ ನಿನ್ನ ಮಗಳನ್ನ," ಎಂದು ನೀಲವ್ವನಿಗೆ ಹೇಳಿದರು. "ಇದಕ್ಕ ಎಲ್ಲಾ ತಿಳೀತೈತಂತ. ನೀ ಚಿಂತಿ ಮಾಡಬ್ಯಾಡ."

ಐದು ದಿನ ಎಲ್ಲ ಸರಿಯಾಗಿತ್ತು. ಆರನೆಯ ದಿನ ಮಧ್ಯಾಹ್ನ, ಜೊತೆಯ ನರ್ಸು ಹೆರಿಗೆ ಕೋಣೆಗೆ ಹೋಗಿದ್ದರಿಂದ ಕಾಶವ್ವ ಒಬ್ಬರೇ ಇದ್ದರು. ಸ್ಟೀಲ್ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ಹತ್ತಿಯಿಂದ ಕೂಸಿನ ಮೈ ಒರೆಸುತ್ತಿದ್ದರು. ಅಷ್ಟರಲ್ಲಿ ಪಕ್ಕದ ಹಾಸಿಗೆಯ ಕೂಸು ಉಸಿರು ನಿಲ್ಲಿಸಿತು. ಕಾಶವ್ವ ಹತ್ತಿಯನ್ನು ಬೋಗುಣಿಗೆ ಎಸೆದು ಆ ಕಡೆ ಧಾವಿಸಿದರು. ಎಸೆದ ರಭಸಕ್ಕೆ ನೀರು ಚಿಮ್ಮಿ ನನ್ನ ಮುಖದ ಬಲಬದಿಗೆ ಬಿತ್ತು.

ಆ ಬದಿಯಲ್ಲಿ ಒಂದರ ಕೆಳಗೊಂದು ಮೂರು ಗುಂಡಿಗಳ ಚಿತ್ರಗಳಿದ್ದವು. ಮೇಲಿನದನ್ನು ಮುಟ್ಟಿದರೆ ಹೀಟರು ಕೂಸಿನ ಮೈ ನೋಡುವುದನ್ನು ಬಿಟ್ಟು, ಹೇಳಿದಷ್ಟು ಬಿಸಿ ಕೊಡುತ್ತದೆ. ನಡುವಿನದನ್ನು ಮುಟ್ಟಿದಷ್ಟೂ ಬಿಸಿ ಏರುತ್ತದೆ. ಕೆಳಗಿನದು ಎಚ್ಚರಿಕೆಯ ಗಂಟೆಯ ಬಾಯಿ ಮುಚ್ಚಿಸುವುದು. ನನ್ನನ್ನು ಸ್ವಲ್ಪ ಓರೆಯಾಗಿ ಕೂರಿಸಿದ್ದರು. ನೀರಿನ ಹನಿ ಮೇಲಿನ ಗುಂಡಿಯ ಮೇಲೆ ಬಿದ್ದು, ನಿಧಾನವಾಗಿ ಕೆಳಗೆ ಇಳಿಯಿತು.

ಅದು ಬೆರಳು ಅಂದುಕೊಂಡೆ ನಾನು. ನೀರಿಗೂ ವಿದ್ಯುತ್ತನ್ನು ಕದಲಿಸುವ ಗುಣವಿದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಯಾರೋ ಮೊದಲ ಗುಂಡಿ ಮುಟ್ಟಿದರು ಎಂದು ಯಂತ್ರಕ್ಕೆ ಹೇಳಿದೆ. ಹನಿ ನಡುವಿನ ಗುಂಡಿಯ ಮೇಲೆ ತಡೆದು ನಿಂತಿತು. ಇನ್ನೂ ಬಿಸಿ, ಇನ್ನೂ ಬಿಸಿ ಎನ್ನುತ್ತಲೇ ಹೋದೆ. ಆಮೇಲೆ ಅದು ಜಾರಿ ಕೆಳಗಿನ ಗುಂಡಿಗೆ ಬಂದು ಅಲ್ಲೇ ಕೂತಿತು. ಯಂತ್ರ ಎಚ್ಚರಿಸಲು ಹೊರಟಾಗಲೆಲ್ಲ ಸುಮ್ಮನಿರು ಎಂದು ಅದಕ್ಕೆ ತಿಳಿಸಿದೆ.

ಕಾಶವ್ವ ಪಕ್ಕದ ಕೂಸಿಗೆ ಉಸಿರು ಕೊಡುತ್ತಿದ್ದರು. ಅದು ಬದುಕಿತು. ಅಲ್ಲಿಂದ ಅವರು ತಿರುಗಿ ನೋಡುವ ಹೊತ್ತಿಗೆ ಅರ್ಧ ಗಂಟೆಯ ಮೇಲಾಗಿತ್ತು. ನೀಲವ್ವನ ಮಗಳು ಕೆಂಡದಂತೆ ಕೆಂಪಾಗಿದ್ದಳು. ಕಾಶವ್ವ ಓಡಿ ಬಂದು ನನ್ನ ಮೇಲೆ ಬೆರಳಿಟ್ಟರು. ಕೈಯಲ್ಲಿ ಒದ್ದೆಯಾದ ಗವಸು. ಒಮ್ಮೆ ಒತ್ತಿದರು, ಎರಡು ಸಲ ಒತ್ತಿದರು, ಆಮೇಲೆ ಅಂಗೈಯಿಂದ ಬಡಿದರು. ನನಗೆ ಏನೂ ತಿಳಿಯಲಿಲ್ಲ. ಒಂದು ಹನಿ ನೀರಿನ ಮಾತನ್ನು ಕೇಳಿದ ನಾನು, ಅವರ ಮಾತನ್ನು ಕೇಳಲಿಲ್ಲ. ಕೊನೆಗೆ ಅವರು ಗೋಡೆಯ ಸ್ವಿಚ್ಚನ್ನೇ ಆರಿಸಿದರು. ನನ್ನ ಬೆಳಕು ಹೋಗುವ ಮುನ್ನ ನಾನು ಕಂಡ ಕೊನೆಯದು, ಆ ಕೂಸಿನ ಕೈಕಾಲು ಸೆಟೆದುಕೊಂಡು ಅದುರುತ್ತಿದ್ದುದು.

ಕೂಸನ್ನು ಜಿಲ್ಲಾ ಆಸ್ಪತ್ರೆಗೆ ಸಾಗಿಸಿದರಂತೆ. ನನ್ನನ್ನು ಯಂತ್ರದ ಜೊತೆ ಹುಬ್ಬಳ್ಳಿಗೆ ಕಳಿಸಿದರು. ಜೊತೆಗೆ ಆಸ್ಪತ್ರೆಯ ಒಂದು ಪತ್ರ: ಯಂತ್ರದಲ್ಲಿ ದೋಷವಿತ್ತೇ, ಅಥವಾ ಬಳಸಿದವರ ತಪ್ಪೇ, ತಿಳಿಸಿ.

ಶೈಲಜಾ ನನ್ನನ್ನು ಮೇಜಿನ ಮೇಲಿಟ್ಟು ಎರಡು ದಿನ ಪರೀಕ್ಷಿಸಿದರು. ಒಣ ಮೇಜು, ಒಣ ಕೈ. ಒಂದು ಸಲವೂ ನಾನು ತಪ್ಪಲಿಲ್ಲ. ಯಂತ್ರದ ನೆನಪಿನ ಪಟ್ಟಿಯಲ್ಲಿ, ಮೂರು ಗುಂಡಿಗಳನ್ನು ಕ್ರಮವಾಗಿ ಒತ್ತಲಾಗಿದೆ ಎಂದು ದಾಖಲಾಗಿತ್ತು. ಯಾರು ನೋಡಿದರೂ ಅದು ಬೇಕೆಂದೇ ಮಾಡಿದ ಕೆಲಸದಂತೆ ಕಾಣುತ್ತಿತ್ತು. ಪರದೆಯಲ್ಲಿ ದೋಷವಿಲ್ಲ, ಬಳಕೆಯಲ್ಲಿ ಲೋಪ ಎಂದು ವರದಿ ಬರೆದು ಅವರು ಸಹಿ ಹಾಕಿದರು. ಕಾಗದಗಳ ಕಟ್ಟು ಅವರ ಎಡಗೈಯ ಬಳಿಯೇ ಇತ್ತು. ಹದಿನೇಳನೆಯ ಪುಟವನ್ನು ಅವರು ತೆರೆಯಲಿಲ್ಲ.

ಇಪ್ಪತ್ತು ದಿನಗಳ ಮೇಲೆ ಯಂತ್ರವನ್ನು ಮತ್ತೆ ಜೋಡಿಸಲು ಇಮಾಮಸಾಬರ ಜೊತೆ ಶೈಲಜಾ ತಾವೇ ಹೊರಟು ಬಂದರು. ಯಾಕೆ ಬಂದರೋ ಗೊತ್ತಿಲ್ಲ, ಅದು ಅವರ ಕೆಲಸವಾಗಿರಲಿಲ್ಲ. ವಾರ್ಡಿನಲ್ಲಿ ಕಾಶವ್ವ ಕಾಣಲಿಲ್ಲ. ಅವರನ್ನು ಕೂಸುಗಳ ಕಡೆ ಬರಬಾರದೆಂದು ಔಷಧ ಕೊಡುವ ಕಿಂಡಿಗೆ ಹಾಕಿದ್ದರು. ಕಂಪನಿಯವರು ಬಂದಿದ್ದಾರೆಂದು ತಿಳಿದು ಅವರು ವಾರ್ಡಿನ ಬಾಗಿಲವರೆಗೆ ಬಂದು, ಹೊರಗೇ ನಿಂತರು.

"ನಿಮ್ಮನ್ನೊಂದು ಕೇಳೂದಿತ್ರಿ ಮೇಡಂ," ಎಂದರು.

"ಒಳಗ ಬರ್ರಿ ಅಕ್ಕಾರ."

"ಬರಂಗಿಲ್ರಿ, ಹುಕುಂ ಇಲ್ಲ. ಮೂರೂ ಗುಂಡಿ ನಾನ ಒತ್ತೇನಿ ಅಂತ ನೀವು ಬರದೀರಂತ. ಅದರಾಗ ಎಲ್ಲಾ ನಮೂದ ಆಗಿರ್ತೈತಂತಲ್ರಿ. ಎಷ್ಟೊತ್ತಿಗೆ ಒತ್ತಿದೆ, ಹೆಂಗ ಒತ್ತಿದೆ, ನನಗ ಹೇಳ್ರಿ."

"ಅದನ್ನ ತಿಳಕೊಂಡು ಏನ್ ಮಾಡ್ತೀರಿ?"

ಕಾಶವ್ವ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು.

"ನನಗ ನೆಪ್ಪಿಲ್ರಿ ಒತ್ತಿದ್ದು. ಅದಕ ಹೆದರಿಕಿ ಆಗೇತಿ. ನಮ್ಮವ್ವಗ ಹಿಂಗ ಸುರು ಆಗಿತ್ತು. ಮಾಡಿದ್ದು ಮರೀತಿದ್ಲು, ಕಡೀಗೆ ನನ್ನ ಮಾರಿನೂ ಮರತ್ಲು. ನನಗೂ ಹಂಗ ಆಗೇತಿ ಅಂದ್ರ ಈಗ ಹೇಳ್ರಿ, ನಾ ಕೆಲಸಾನ ಬಿಡ್ತೀನಿ. ಇನ್ನೊಂದು ಕೂಸಿಗೆ ಹಿಂಗ ಆಗಬಾರದು."

ಅವರು ಯಂತ್ರವನ್ನು ದೂರಲಿಲ್ಲ. ನನ್ನ ಕಡೆ ಬೆರಳು ತೋರಿಸಲೂ ಇಲ್ಲ. ನನಗೆ ಬಾಯಿದ್ದಿದ್ದರೆ ಆಗಲೇ ಕೂಗಿ ಹೇಳುತ್ತಿದ್ದೆ. ನನ್ನ ಮುಖದ ಮೇಲೆ ಆಗ ಹಸಿರು ಅಕ್ಷರದಲ್ಲಿ ಕಾಣುತ್ತಿದ್ದದ್ದು ಒಂದೇ ಪದ: ಸಿದ್ಧ.

ಶೈಲಜಾ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಯಂತ್ರಕ್ಕೆ ಜೋಡಿಸಿದರು. ಗುಂಡಿಗಳ ಪಟ್ಟಿಯನ್ನು ಬಿಟ್ಟು, ಅದಕ್ಕೂ ಆಳದಲ್ಲಿ ನಾನು ಕ್ಷಣಕ್ಷಣಕ್ಕೂ ಕಳಿಸಿದ್ದ ಸ್ಪರ್ಶದ ಗುರುತುಗಳನ್ನು ತೆರೆದರು. ಮೊದಲು ನೋಡಬೇಕಾಗಿದ್ದದ್ದೇ ಅದು. ಚುಕ್ಕೆಗಳು ಒಂದೊಂದಾಗಿ ಮೂಡಿದವು. ಮೇಲಿನಿಂದ ಕೆಳಕ್ಕೆ, ಎಲ್ಲೂ ಎತ್ತದೆ, ಒಂದೇ ಗೆರೆ. ನಡುವೆ ಸ್ವಲ್ಪ ನಿಂತು, ತುಸು ಓರೆಯಾಗಿ, ಮತ್ತೆ ಕೆಳಗೆ.

ಇಮಾಮಸಾಬರು ಹಿಂದಿನಿಂದ ಬಗ್ಗಿ ನೋಡಿದರು.

"ಇದು ಬೆರಳಲ್ರಿ ಮೇಡಂ," ಎಂದರು ಮೆಲ್ಲಗೆ. "ಕಣ್ಣೀರು ಇಳಿದಂಗೈತಿ."

ಶೈಲಜಾ ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿದು ಬಂದು, ಬೆರಳ ತುದಿಯ ಒಂದು ಹನಿಯನ್ನು ನನ್ನ ಬಲಬದಿಯ ಮೇಲೆ ಬಿಟ್ಟರು. ಮುಟ್ಟಲಿಲ್ಲ, ಬಿಟ್ಟರು ಅಷ್ಟೆ. ಈ ಸಲವಾದರೂ ಸುಮ್ಮನಿರಬೇಕು ಎಂದು ನಾನು ಎಷ್ಟು ಬಯಸಿದೆನೋ. ಅಥವಾ ಸುಮ್ಮನಿರಬಾರದು ಎಂದೇ ಬಯಸಿದೆನೋ. ಯಾವುದೂ ನನ್ನ ಕೈಯಲ್ಲಿರಲಿಲ್ಲ. ಹನಿ ಇಳಿಯಿತು. ಖಾಲಿ ಹಾಸಿಗೆಯ ಮೇಲೆ ಹೀಟರು ಕೆಂಪಗೆ ಉರಿಯಿತು. ಗಂಟೆ ಮೊಳಗಲಿಲ್ಲ.

ಬಾಗಿಲಲ್ಲಿದ್ದ ಕಾಶವ್ವ ಹಾಗೇ ಗೋಡೆಗೆ ಒರಗಿ ಕೂತರು. ಶೈಲಜಾ ಅವರ ಹತ್ತಿರ ಹೋಗಿ ನೆಲದ ಮೇಲೆ ಕೂತರು.

"ನಿಮ್ಮ ತಲಿಗೆ ಏನೂ ಆಗಿಲ್ರಿ ಅಕ್ಕಾರ. ನೀವು ಒತ್ತಿಲ್ಲ. ಇದನ್ನ ಆರಿಸಿದಾಕಿ ನಾನು. ನೀರು ಬಿದ್ರ ಇದು ಕೆಡ್ತೈತಿ ಅಂತ ಓದಿದ್ದೆ. ಓದಿನೂ ಹಾಕಿದೆ."

ಕಾಶವ್ವ ಕೇಳಿದರು, "ನೀಲವ್ವಗ ಯಾರು ಹೇಳೂದ್ರಿ?"

"ನಾನ ಹೇಳ್ತೀನಿ."

ಹೇಳಿದರು ಕೂಡ. ನಾನು ಅಲ್ಲಿರಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿದ್ದ ಇಮಾಮಸಾಬರು, ಯಂತ್ರದ ಜೊತೆ ನನ್ನನ್ನೂ ಹುಬ್ಬಳ್ಳಿಗೆ ವಾಪಸು ತಂದ ಮೇಲೆ, ಮರುದಿನ ಕಂಪನಿಯಲ್ಲಿ ಹೇಳಿದ್ದನ್ನು ಕೇಳಿದೆ. ನೀಲವ್ವ ಬೈಯಲಿಲ್ಲವಂತೆ, ಅಳಲೂ ಇಲ್ಲವಂತೆ. ಕೂಸನ್ನು ಈಚೆಯ ತೊಡೆಯಿಂದ ಆಚೆಯ ತೊಡೆಗೆ ಬದಲಿಸಿ, ಶೈಲಜಾ ಅವರಿಗೆ ಕಾಣದಂತೆ ಸೆರಗು ಮುಚ್ಚಿಕೊಂಡಳಂತೆ. ಅಷ್ಟೇ ಅವಳ ಉತ್ತರ.

ಶೈಲಜಾ ಹೊಸ ವರದಿ ಬರೆದರು. ಹಳೆಯ ವರದಿ ತಪ್ಪು, ಅದಕ್ಕೆ ಸಹಿ ಹಾಕಿದ್ದು ತಾನು, ದೋಷ ತಿಳಿದೂ ಪರೀಕ್ಷೆ ಮಾಡದಿದ್ದವಳೂ ತಾನು ಎಂದು ಬರೆದರು. ಗಲಗಲಿಯವರು ಅದನ್ನು ಎರಡು ಸಲ ಓದಿದರು.

"ಇದು ಹೋದ್ರ ಕಂಪನಿ ಬಾಗಲಾ ಹಾಕೂ ಪಾಳಿ ಬರ್ತದವಾ."

"ಹೋಗಲಿಲ್ಲಂದ್ರ ಆ ಅಕ್ಕಾರು ಇನ್ನೊಮ್ಮೆ ಕೂಸು ಮುಟ್ಟಂಗಿಲ್ರಿ ಸರ್. ಇನ್ನೂ ಐದು ಮಿಷನ್ ಬ್ಯಾರೆ ವಾರ್ಡಿನ್ಯಾಗ ಅವ. ಅಲ್ಲೂ ನೀರು ಇರ್ತಾವ."

ಗಲಗಲಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪರೀಕ್ಷೆ ಆಮ್ಯಾಲೆ ಮಾಡೋಣಂತ ಅಂದಾಂವಾ ನಾನ ಅಲ್ಲೇನು," ಎಂದರು. ಆಮೇಲೆ ತಾವೂ ಅದರ ಕೆಳಗೆ ಸಹಿ ಹಾಕಿದರು.

ಆರೂ ಯಂತ್ರಗಳು ವಾಪಸು ಬಂದವು. ನಮ್ಮನ್ನೆಲ್ಲ ಬಿಚ್ಚಿದರು. ನಮ್ಮ ಜಾಗಕ್ಕೆ ಬೆಳಕು ಕಡಿಮೆಯಾದ, ಒತ್ತಿದರಷ್ಟೇ ಕೇಳುವ ಪರದೆಗಳು ಬಂದವು. ಬಿಸಿ ಏರಿಸಲು, ಗಂಟೆ ನಿಲ್ಲಿಸಲು ಪರದೆಯ ಹೊರಗೆ ರಬ್ಬರಿನ ಗುಂಡಿಗಳನ್ನೇ ಇಟ್ಟರು. ಆ ವರ್ಷ ಕಂಪನಿಗೆ ಹೊಸ ಕೆಲಸ ಬರಲಿಲ್ಲ, ನಾಲ್ಕು ಜನ ಬಿಟ್ಟುಹೋದರು. ಮುಚ್ಚಲಿಲ್ಲ. ಕಾಶವ್ವನನ್ನು ವಾರ್ಡಿಗೆ ಮತ್ತೆ ಕರೆದರು. ಮೊದಲ ತಿಂಗಳು ಅವರು ಪ್ರತಿ ಗುಂಡಿಯನ್ನೂ ಬಾಯಿಬಿಟ್ಟು ಹೇಳಿಯೇ ಒತ್ತುತ್ತಿದ್ದರಂತೆ: ಈಗ ಇದನ್ನ ಒತ್ತಿದೆ, ಈಗ ಇದನ್ನ ಬಿಟ್ಟೆ. ಪಕ್ಕದ ನರ್ಸು ಕೇಳಿಸಿಕೊಂಡೆ ಎನ್ನಬೇಕು. ಮನಸ್ಸಿಗೆ ಬಿದ್ದ ಭಯ ಹಾಗೆಲ್ಲ ಬೇಗ ಇಳಿಯುವುದಿಲ್ಲ.

ನನ್ನ ಐದು ಒಡಹುಟ್ಟುಗಳು ಎಲ್ಲಿಗೆ ಹೋದವೋ ತಿಳಿಯದು. ನನ್ನನ್ನು ಮಾತ್ರ ಶೈಲಜಾ ತಮ್ಮ ಕಪಾಟಿನಲ್ಲಿ, ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡರು. ಆಗಾಗ ಹೊಸದಾಗಿ ಸೇರಿದ ಇಂಜಿನಿಯರುಗಳಿಗೆ ತೋರಿಸಲು ಹೊರಗೆ ತೆಗೆಯುತ್ತಾರೆ. ಹಿಂದಿನ ಬೆಳಕು ಈಗ ಹಳದಿಗಟ್ಟಿದೆ, ಎಡಮೂಲೆಯಲ್ಲಿ ಒಂದು ಸೀಳಿದೆ. ಹೋದ ವರ್ಷ ಬಂದ ಹುಡುಗಿಯೊಬ್ಬಳು ನನ್ನ ಮೇಲೆ ಬೆರಳಾಡಿಸಿ, "ಚಲೋ ಐತಲ್ರಿ ಮೇಡಂ, ಯಾಕ ತಗದ್ರಿ ಇದನ್ನ?" ಎಂದಳು.

"ಅದರದೇನೂ ತಪ್ಪಿಲ್ಲವಾ," ಎಂದರು ಶೈಲಜಾ. "ಅದು ಇದ್ದದ್ದ ಹಂಗ. ಎಲ್ಲಿ ಇಡಬೇಕು ಅನ್ನೂದು ನನಗ ತಿಳೀಲಿಲ್ಲ."

ಆ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮಾಡದ ತಪ್ಪನ್ನು ಕಾಶವ್ವ ತಮ್ಮದು ಎಂದು ಹೊತ್ತರು. ಅರ್ಧ ತಪ್ಪನ್ನು ಶೈಲಜಾ ಪೂರ್ತಿ ಹೊತ್ತರು. ಯಾರೂ ಮುಟ್ಟದೆಯೇ ಮುಟ್ಟಿದರೆಂದು ಸುಳ್ಳು ಹೇಳಿದ ನಾನು ಬಟ್ಟೆಯೊಳಗೆ ತಣ್ಣಗೆ ಇದ್ದೇನೆ. ಆ ದಿನ ಮೇಜಿನ ಮೇಲೆ, ಇವರು ನನ್ನನ್ನೇ ಆರಿಸಲಿ ಎಂದು ಎಷ್ಟು ಆಸೆಪಟ್ಟಿದ್ದೆ ಎಂಬುದು ನನಗೆ ಮಾತ್ರ ಗೊತ್ತು.

ನೀಲವ್ವನ ಮಗಳಿಗೆ ಈಗ ನಾಲ್ಕು ವರ್ಷ. ಹೆಸರು ಈರಮ್ಮ. ಮೊನ್ನೆ ಇಮಾಮಸಾಬರು ಆ ಊರಿಗೆ ಹೋದಾಗ ಆಸ್ಪತ್ರೆಯ ಅಂಗಳದಲ್ಲಿ ಅವಳನ್ನು ಕಂಡರಂತೆ. ಓಡಾಡುತ್ತಾಳೆ, ಎಡಗಾಲು ಒಂಚೂರು ಎಳೆಯುತ್ತದೆ. ಮಾತು ಈಗಷ್ಟೇ ಸುರುವಾಗಿದೆ. ಡಾಕ್ಟರನ್ನು ಕೇಳಿದರಂತೆ. ದಿನ ತುಂಬದೆ ಹುಟ್ಟಿದ ಕೂಸಿಗೆ ಹಾಗೂ ಆಗುತ್ತದೆ, ಆ ದಿನದ ಕಾವಿನಿಂದಲೂ ಆಗಿರಬಹುದು, ಯಾವುದೆಂದು ಹೇಳಲು ಬರುವುದಿಲ್ಲ ಎಂದರಂತೆ.

ಇಮಾಮಸಾಬರು ಇದನ್ನು ಹೇಳುವಾಗ ಶೈಲಜಾ ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು, "ಯಾವ ಕಾಲು ಅಂದ್ರಿ?" ಎಂದು ಕೇಳಿದರು.

"ಎಡಗಾಲ್ರಿ."

ಚಹಾ ಹಾಗೇ ಆರಿತು.

ಡಾಕ್ಟರು ಹೌದು ಎಂದರೆ ಅದನ್ನು ಹೊತ್ತು ಕೂರಬಹುದಿತ್ತು. ಅಲ್ಲ ಎಂದರೆ ಇಳಿಸಬಹುದಿತ್ತು. ಹೇಳಲು ಬರುವುದಿಲ್ಲ ಎಂದರೆ ಏನು ಮಾಡುವುದೋ ನನಗೆ ತಿಳಿಯುವುದಿಲ್ಲ. ಕಪಾಟಿನ ಕತ್ತಲಲ್ಲಿ ನಾನು ಆ ಹುಡುಗಿಯ ನಡಿಗೆಯನ್ನು ಊಹಿಸಿಕೊಳ್ಳುತ್ತೇನೆ: ಒಂದು ಹೆಜ್ಜೆ ಎತ್ತಿ ಇಡುವುದು, ಇನ್ನೊಂದು ಎಳೆಯುವುದು.